ನಗದೆ ಎದ್ದವನು

ಸಾಲಿಗ್ರಾಮಂ, ಚೆನ್ನೈ
12-5-2003

ಪ್ರೀತಿಯ ಅಕ್ಕ ಚೆಲ್ಲಕ್ಕನಿಗೆ,

ನಿನ್ನ ತಮ್ಮ ಸುಯಂಬು ಮಾಡುವ ನಮಸ್ಕಾರ. ನಾನು ಕ್ಷೇಮ. ಊರವರ ಕಾಗದಕ್ಕೆಲ್ಲ ಮುದ್ರೆ ಹೊಡೆಯುವ ಪೋಸ್ಟ್‌ಮಾಸ್ಟರಮ್ಮ ನೀನು, ತಮ್ಮನ ಕಾಗದ ಮಾತ್ರ ಬರಲಿಲ್ಲವೆಂದು ಹಲ್ಲು ಕಡಿಯುತ್ತಿರುತ್ತೀಯ ಅಂತ ಗೊತ್ತು. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ಮುಂದಿನ ತಿಂಗಳು ಆರನೇ ತಾರೀಖು, ಶುಕ್ರವಾರ ಸಂಜೆ ಏಳೂವರೆಗೆ ನಾನು ಸಾಯುತ್ತೇನೆ. ಗಾಬರಿಯಾಗಬೇಡ. ಸಾಯುವವನು 'ನಡುಮನೆ' ಧಾರಾವಾಹಿಯ ಹಿರಿಮಗ ಮುತ್ತರಸು. ನಾಲ್ಕು ವರ್ಷ ಆ ವೇಷ ಹಾಕಿದೆ, ಸಾಕಾಯಿತು. ಚಾನೆಲ್‌ನವರು ಹೊಸ ಧಾರಾವಾಹಿಯ ನಿರ್ದೇಶನವನ್ನು ನನಗೇ ಕೊಟ್ಟಿದ್ದಾರೆ. ಕೈ ಪಳಗಲಿ ಎಂದು ಮುತ್ತರಸುವಿನ ಸಾವಿನ ಕಂತನ್ನೂ ನನ್ನ ಕೈಯಲ್ಲೇ ಮಾಡಿಸಿದರು. ಚಟ್ಟದ ಮೇಲೆ ಮಲಗಿಕೊಂಡೇ 'ಆಕ್ಷನ್' ಎಂದು ಕೂಗಿದೆ. ಮೂಗಿನಲ್ಲಿ ಹತ್ತಿ ಇದ್ದದ್ದರಿಂದ ಅದು 'ಆಕ್ಸನ್' ಎಂದು ಕೇಳಿಸಿ ಎಲ್ಲರೂ ನಕ್ಕರು.

ಹನ್ನೊಂದು ವರ್ಷದ ಹಿಂದೆ ಉಡನ್‌ಗುಡಿಯಿಂದ ಕರಿಬೆಲ್ಲದ ಗಂಟು ಹಿಡಿದು ಇಲ್ಲಿಗೆ ಬಂದವನು ನಾನು. ಭಾನುವಾರದ ಹಾಡಿನ ಕಾರ್ಯಕ್ರಮದಲ್ಲಿ ಫೋನ್ ಮಾಡಿದವರಿಗೆಲ್ಲ 'ಊಟ ಆಯ್ತಾ, ಯಾರಿಗೋಸ್ಕರ ಈ ಹಾಡು' ಎಂದು ಕೇಳುತ್ತಾ ಕೇಳುತ್ತಾ ಪರದೆಯ ಮೇಲೆ ಪರಿದಿ ಎಂಬ ಹೆಸರಾಯಿತು, ಅಲ್ಲಿಂದ ನಟನಾದೆ, ಈಗ ನಿರ್ದೇಶಕ. ಭಾನುವಾರದ ನಿರೂಪಣೆ ಮಾತ್ರ ಬಿಟ್ಟಿಲ್ಲ. ಅದು ಬಿಟ್ಟರೆ ಅಮ್ಮನಿಗೆ ನನ್ನ ಮುಖ ಕಾಣುವುದು ಹೇಗೆ?

ಒಂದು ಉಪಕಾರ ಮಾಡು. ಅಮ್ಮನಿಗೆ ಮುಂಚೆಯೇ ಹೇಳಿಡು, ಇದು ಆಟ ಅಂತ. ಐದು ವರ್ಷದಿಂದ ಊರಿಗೆ ಬಂದಿಲ್ಲ ಎಂದು ಮತ್ತೆ ಶುರು ಮಾಡಬೇಡ. ವಾರಕ್ಕೆ ಆರು ದಿನ ತಾಯಿಗೆ ಮುಖ ತೋರಿಸುವ ಮಗ ನಿಮ್ಮ ಬೀದಿಯಲ್ಲಿ ಇನ್ನೊಬ್ಬ ಇದ್ದಾನಾ ಹೇಳು ನೋಡೋಣ.

ಭಾವನಿಗೆ ನಮಸ್ಕಾರ.

ನಿನ್ನ ತಮ್ಮ,
ಸುಯಂಬು

ಉಡನ್‌ಗುಡಿ
9-6-2003

ಸುಯಂಬು,

ಅಮ್ಮನಿಗೆ ಮುಂಚೆಯೇ ಹೇಳಿದೆ. ಮೂರು ಸಲ ಹೇಳಿದೆ. "ಆಯ್ತು ಬಿಡೇ, ನಾನೇನು ಮಗುವಾ?" ಅಂದಳು. ಶುಕ್ರವಾರ ಸಂಜೆ ಚಾಪೆ ಹಾಸಿಕೊಂಡು ಟಿ.ವಿ. ಮುಂದೆ ಕೂತಳು. ನಿನ್ನನ್ನು ಚಟ್ಟದ ಮೇಲೆ ಮಲಗಿಸುವ ತನಕ ಸುಮ್ಮನಿದ್ದಳು. ಆಮೇಲೆ ಎದ್ದು ಹೋಗಿ ಟಿ.ವಿ.ಯ ಗಾಜಿನ ಮೇಲೆ ಕೈ ಇಟ್ಟಳು.

"ಮೂಗಿಗೆ ಹತ್ತಿ ಇಟ್ಟಿದಾರೆ ಕಣೇ. ಸುಳ್ಳಿಗೆ ಯಾರಾದ್ರೂ ಮೂಗಿಗೆ ಹತ್ತಿ ಇಡ್ತಾರಾ?"

ಅಷ್ಟೇ. ಆಮೇಲೆ ನಾನು ಹೇಳಿದ ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ. ಅವಳು ಅಳುವ ಸದ್ದಿಗೆ ಬೀದಿಯ ಹೆಂಗಸರೆಲ್ಲ ಬಂದರು. ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಅತ್ತರು. ಎದುರುಮನೆ ಪಿಚ್ಚಮ್ಮಾಳ್ ಅತ್ತೆ ಕೂದಲು ಬಿಚ್ಚಿ, ಎದೆ ಬಡಿದುಕೊಂಡು, ನಿನ್ನ ಹುಟ್ಟಿನಿಂದ ಹಿಡಿದು ಎಲ್ಲ ಹಾಡಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ನನ್ನ ಹತ್ತಿರ ಬಂದು, "ಸೋಮವಾರದಿಂದ ಕಥೇಲಿ ಆ ರೈಸ್ ಮಿಲ್ ಯಾರು ನೋಡ್ಕೋತಾರೆ?" ಅಂತ ಕೇಳಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದೆ.

ಅಮ್ಮ ಊಟ ಬಿಟ್ಟು ಮೂರು ದಿನವಾಯಿತು. ನಿನ್ನೆ ಭಾನುವಾರ ನೀನು ಟಿ.ವಿ.ಯಲ್ಲಿ ಹಲ್ಲು ಕಿರಿದು ಹಾಡು ಹಾಕುತ್ತಿದ್ದಾಗ, "ನೋಡಮ್ಮಾ, ಬದುಕೇ ಇದಾನೆ" ಅಂದೆ. "ಹಳೇದು ಹಾಕಿದಾರೆ" ಅಂದಳು.

ಒಂದು ವಿಷಯ ಕೇಳುತ್ತೇನೆ, ನಿಜ ಹೇಳು. ನೀನು ಚೆನ್ನೈಗೆ ಹೋದ ಹೊಸದರಲ್ಲಿ ಬರೆದಿದ್ದೆ: ಯಾರೇ ಸಾಯುವ ದೃಶ್ಯ ಮಾಡಿದರೂ, ಅದು ಮುಗಿದ ಕೂಡಲೇ ಚಟ್ಟದಿಂದ ಎದ್ದು, ಹತ್ತಿ ಕಿತ್ತು ಬಿಸಾಕಿ, ಕ್ಯಾಮೆರಾ ನೋಡಿ ನಗಬೇಕು, ಆ ನಗುವನ್ನು ಕ್ಯಾಮೆರಾದಲ್ಲಿ ಹಿಡಿದು, ಸಾವು ಅಂಟದಿರಲೆಂದು ಬೂದುಗುಂಬಳಕಾಯಿ ಒಡೆದೇ ಮನೆಗೆ ಹೋಗುವುದು ಅಂತ. ಎಷ್ಟು ದೊಡ್ಡ ನಟನಾದರೂ ಅದನ್ನು ಬಿಡುವುದಿಲ್ಲ ಅಂದಿದ್ದೆ.

ನೀನು ನಕ್ಕೆಯಾ?

ಚೆಲ್ಲಕ್ಕನಿ

ಚೆನ್ನೈ
18-6-2003

ಅಕ್ಕಾ,

ನಕ್ಕೆ ಮಾರಾಯ್ತಿ. ಮೂವತ್ತೆರಡು ಹಲ್ಲೂ ಕಾಣುವ ಹಾಗೆ ನಕ್ಕೆ. ಬೂದುಗುಂಬಳಕಾಯಿಯೂ ಒಡೆದರು. ಪೋಸ್ಟಾಫೀಸಿನಲ್ಲಿ ಕೂತವಳಿಗೆ ಇಷ್ಟೊಂದು ಮೂಢನಂಬಿಕೆ ಇರಬಾರದು.

ಅಮ್ಮನ ವಿಷಯ ಓದಿ, ನಿಜ ಹೇಳಬೇಕೆಂದರೆ, ಮೊದಲು ಹೆಮ್ಮೆಯಾಯಿತು. ಹೆತ್ತ ತಾಯಿಯೇ ನಂಬುವ ಹಾಗೆ ಸತ್ತಿದ್ದೇನೆ. ಆಮೇಲೆ ಬೇಜಾರಾಯಿತು. ಬರುವ ಬುಧವಾರ ಬೆಳಿಗ್ಗೆ ಪಿಚ್ಚಮ್ಮಾಳ್ ಅತ್ತೆಯ ಮನೆಗೆ ಫೋನ್ ಮಾಡುತ್ತೇನೆ. ಅಮ್ಮನನ್ನು ಕರೆತಂದು ಕೂರಿಸು. ನಾಲ್ಕು ಮಾತು ಆಡಿದರೆ ಎಲ್ಲ ಸರಿಹೋಗುತ್ತದೆ.

ಬರುವುದಕ್ಕೆ ಮಾತ್ರ ಈಗ ಆಗುವುದಿಲ್ಲ. ಹೊಸ ಧಾರಾವಾಹಿಗೆ ಪೂಜೆ ಆಯಿತು. ಶುರುವಿನಲ್ಲೇ ಸ್ವಲ್ಪ ಕಿರಿಕಿರಿ. ಎಂಟು ವರ್ಷದಿಂದ ನನಗೆ ಬಣ್ಣ ಹಚ್ಚುತ್ತಿದ್ದ ಏಕಾಂಬರಂ ಹೇಳದೆ ಕೇಳದೆ ಬೇರೆ ಕಡೆ ಹೋಗಿಬಿಟ್ಟ. ತರಕಾರಿ ಮಾರುವ ಹೆಂಗಸು ಮೊನ್ನೆ ನನ್ನ ಮಣಿಕಟ್ಟು ಹಿಡಿದು ನೋಡಿ, "ಬೆಚ್ಚಗೇ ಇದೀಯಲ್ಲಪ್ಪಾ" ಅಂದಳು. ಜನರ ಪ್ರೀತಿ ಒಂದೊಂದು ಥರ.

ಸುಯಂಬು

ಉಡನ್‌ಗುಡಿ
2-7-2003

ಸುಯಂಬು,

ನಿನ್ನ ಫೋನಿನಿಂದ ಇದ್ದದ್ದೂ ಕೆಟ್ಟಿತು. ನೀನು ಆ ಕಡೆ "ಅಮ್ಮಾ, ಅಮ್ಮಾ" ಅಂತಿದ್ದೆ. ಅಮ್ಮ ಎಲ್ಲ ಕೇಳಿಸಿಕೊಂಡು ರಿಸೀವರನ್ನು ಪಿಚ್ಚಮ್ಮಾಳ್ ಅತ್ತೆಯ ಕೈಗೆ ಕೊಟ್ಟು, "ಟಿ.ವಿ.ಯೋರ ಹತ್ರ ಅವನ ದನಿ ಎಷ್ಟು ಬೇಕಾದ್ರೂ ಇರುತ್ತೆ" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಐದು ವರ್ಷದಿಂದ ನಿನ್ನ ದನಿ, ನಿನ್ನ ಮುಖ ಎಲ್ಲವೂ ಪೆಟ್ಟಿಗೆಯಿಂದಲೇ ಬಂದಿದೆ. ಇನ್ನು ನೀನು ಬದುಕಿದ್ದೀಯ ಅಂತ ತೋರಿಸಲು ಉಳಿದಿರುವುದು ನಿನ್ನ ಮೈ ಒಂದೇ.

ಒಂದು ದಿನ ಬಾ. ಬೆಳಿಗ್ಗೆ ಬಂದು ಸಂಜೆ ಹೋಗು. ಅವಳ ಕೈಯಿಂದ ನಿನ್ನ ಕೆನ್ನೆ ಮುಟ್ಟಿಸಿ ಹೋಗು. ಬೇಡುತ್ತಿದ್ದೇನೆ. ನಾನು ಯಾರನ್ನೂ ಬೇಡುವವಳಲ್ಲ, ನಿನಗೆ ಗೊತ್ತು.

ಇಲ್ಲಿ ಒಂದು ಸಣ್ಣ ಕಾರ್ಯ ಆಯಿತು. ಅದನ್ನು ನೀನು ಬಂದಾಗ ಹೇಳುತ್ತೇನೆ.

ಚೆಲ್ಲಕ್ಕನಿ

ಉಡನ್‌ಗುಡಿ
31-7-2003

ನನ್ನ ಮುದ್ದು ತಮ್ಮಾ,

ಕಾಗದಕ್ಕೆ ಉತ್ತರ ಬರೆಯದೆ ಆಳೇ ಬಂದು ನಿಂತೆಯಲ್ಲೋ, ಕಳ್ಳ! ಹೋದವರಿಗೆ ಎಡೆ ಇಡುವ ಆಡಿ ಅಮಾವಾಸ್ಯೆಯ ದಿನವೇ ಬಂದೆ. ನಾನು ಪೋಸ್ಟಾಫೀಸಿನಿಂದ ಬರುವ ತನಕ ಒಂದು ಗಳಿಗೆ ಕಾಯಬಾರದಿತ್ತಾ? ನಿನ್ನ ಭಾವ ಬೆಲ್ಲದ ಭಟ್ಟಿಯ ಹತ್ತಿರವೇ ಇದ್ದರು, ಅವರನ್ನಾದರೂ ಮಾತಾಡಿಸಬಾರದಿತ್ತಾ? ಇರಲಿ, ಬಂದೆಯಲ್ಲ. ಅಮ್ಮನ ಮುಖ ನೋಡಬೇಕು ನೀನು. ಎರಡು ತಿಂಗಳ ಮೇಲೆ ತಾನೇ ತಲೆ ಬಾಚಿಕೊಂಡಳು.

"ಬಂದ, ಉಂಡ, ನನ್ನ ಕಾಲು ಒತ್ತಿದ, ಹೋದ" ಅಂದಳು. ಎಲೆ ನೋಡಿದೆ. ಎಲ್ಲ ಬಳಿದು ತಿಂದು ಹಾಗಲಕಾಯಿಯನ್ನು ಮಾತ್ರ ಎಲೆಯ ತುದಿಗೆ ತಳ್ಳಿದ್ದೆ. ಇಷ್ಟು ದೊಡ್ಡವನಾದರೂ ಹಾಗಲಕಾಯಿ ಜಗಳ ಮುಗಿದಿಲ್ಲ ನಿನ್ನದು.

ಈಗ ಹೇಳಬಹುದು. ಜೂನ್‌ನಲ್ಲಿ ಆದ ಕಾರ್ಯ ಯಾವುದೆಂದರೆ, ನಿನ್ನ ಹದಿನಾರನೇ ದಿನದ ಉತ್ತರಕ್ರಿಯೆ. ಅಮ್ಮ ಊಟ ಬಿಟ್ಟು ಸಾಯುವ ಹಾಗಿದ್ದಳು. ವೈದ್ಯರೇ ಹೇಳಿದರು, ಅವಳು ಹೇಳಿದ ಹಾಗೆ ಮಾಡಿಬಿಡಿ, ಮನಸ್ಸು ತಣ್ಣಗಾಗುತ್ತದೆ ಅಂತ. ನಿನ್ನ ಫೋಟೊಗೆ ಹಾರ ಹಾಕಿದೆವು. ಹೊಸ ಪಂಚೆ ಇಟ್ಟೆವು. ಎಡೆ ಹಾಕಿದೆವು. ಎಲ್ಲ ನನ್ನ ಕೈಯಿಂದಲೇ ಮಾಡಿದೆ ತಮ್ಮ. ಅವತ್ತಿನಿಂದ ಅವಳು ಅನ್ನ ಮುಟ್ಟಿದ್ದು.

ನೀನು ಒಳಗೆ ಬಂದಾಗ ಆ ಫೋಟೊ ನೋಡಿ ನೊಂದಿರಬೇಕು. ಅದಕ್ಕೇ ನನ್ನನ್ನು ಕಾಯದೆ ಹೋದೆಯಾ? ಕ್ಷಮಿಸು.

ಅಕ್ಕ

ಚೆನ್ನೈ
11-8-2003

ಅಕ್ಕಾ,

ನಾನು ಬರಲಿಲ್ಲ.

ಆಡಿ ಅಮಾವಾಸ್ಯೆಯ ಹಿಂದು ಮುಂದು ಮೂರು ದಿನ ಸ್ಟುಡಿಯೋದಲ್ಲೇ ಇದ್ದೆ. ನಲವತ್ತು ಜನ ಸಾಕ್ಷಿ ಇದ್ದಾರೆ. ನನ್ನಂತೆ ಕೂದಲು ಬಿಟ್ಟುಕೊಂಡು ತಿರುಗುವ ಅಭಿಮಾನಿಗಳು ತೂತ್ತುಕುಡಿ ಕಡೆ ಬಹಳ ಜನ. ಅವರಲ್ಲೇ ಯಾವನೋ ಅಮ್ಮನ ಸ್ಥಿತಿ ತಿಳಿದು ಒಳಗೆ ನುಗ್ಗಿ ಉಂಡು ಹೋಗಿದ್ದಾನೆ. ಬಾಗಿಲು ಭದ್ರ ಮಾಡು. ಭಾವನಿಗೆ ಹೇಳು.

ಬದುಕಿರುವ ತಮ್ಮನಿಗೆ ಹದಿನಾರು ಮಾಡಿದೆಯಲ್ಲ, ನಿನಗೆ ಹೇಗಾದರೂ ಮನಸ್ಸು ಬಂತು? ಎರಡು ದಿನ ಸಿಟ್ಟಿನಲ್ಲಿ ಕಾಗದವನ್ನೇ ಮುಟ್ಟಲಿಲ್ಲ. ಆಮೇಲೆ ನನ್ನ ಸಿಟ್ಟಿಗೆ ಅರ್ಥವಿಲ್ಲ ಅನ್ನಿಸಿತು. ಏಕೆಂದರೆ ನಾನೂ ನಿನಗೆ ಸುಳ್ಳು ಹೇಳಿದ್ದೇನೆ.

ನಾನು ನಗಲಿಲ್ಲ ಅಕ್ಕಾ. ಅವತ್ತು ವಳಸರವಾಕ್ಕಂನ ಬಾಡಿಗೆ ಮನೆಯಲ್ಲಿ ಚಿತ್ರೀಕರಣ. ನಮ್ಮ ಹೊತ್ತು ಮುಗಿದಿತ್ತು. ಇನ್ನೊಂದು ಧಾರಾವಾಹಿಯವರು ಮದುವೆ ಮಂಟಪದ ಸಾಮಾನು ಹೊತ್ತುಕೊಂಡು ಬಾಗಿಲಲ್ಲೇ ನಿಂತಿದ್ದರು. ಏಕಾಂಬರಂ ಬೂದುಗುಂಬಳಕಾಯಿ ಹಿಡಿದುಕೊಂಡು, "ಸಾರ್, ಒಂದೇ ಒಂದು ನಗು ಸಾರ್, ಕಾಲು ಹಿಡ್ಕೋತೀನಿ" ಅಂದ. ನಿರ್ದೇಶಕ ನಾನೇ ಅಲ್ಲವೇ? "ಪ್ಯಾಕಪ್" ಅಂದುಬಿಟ್ಟೆ. ಹತ್ತಿಯನ್ನು ಕಾರಿನಲ್ಲಿ ಕಿತ್ತು ಹಾಕಿದೆ.

ಹೋದ ತಿಂಗಳು ಒಂದು ಭಾನುವಾರ ನೇರಪ್ರಸಾರದಲ್ಲಿ ಕೊಯಮತ್ತೂರಿನ ಒಬ್ಬ ಅಜ್ಜಿ ಫೋನ್ ಮಾಡಿದ್ದಳು. "ಯಾವ ಹಾಡು ಬೇಕಮ್ಮಾ?" ಅಂದೆ. "ನೀನು ಹೋಗ್ಬಿಟ್ಟೆಯಲ್ಲಪ್ಪಾ, ಅಲ್ಲಿ ಹೇಗಿದೆ?" ಅಂತ ಕೇಳಿದಳು. ಚಾನೆಲ್‌ನವರು ಕರೆದು, ಸತ್ತ ಮುಖ ಭಾನುವಾರ ನಗುತ್ತಾ ಬಂದರೆ ಹೆಂಗಸರು ಹೆದರುತ್ತಾರಂತೆ, ಸ್ವಲ್ಪ ದಿನ ಬೇಡ ಎಂದರು. ನನ್ನ ಕುರ್ಚಿಯಲ್ಲಿ ಈಗ ಒಬ್ಬಳು ಹುಡುಗಿ ಕೂರುತ್ತಾಳೆ.

ಸುಯಂಬು

ಉಡನ್‌ಗುಡಿ
29-8-2003

ಸುಯಂಬು,

ನೀನು ಬರಲಿಲ್ಲ ಎಂದು ಬರೆದದ್ದನ್ನು ಅಮ್ಮನಿಗೆ ಹೇಳಲಿಲ್ಲ. ಮೊನ್ನೆ ಅಮಾವಾಸ್ಯೆಗೆ ರಜೆ ಹಾಕಿ ಮನೆಯಲ್ಲೇ ಕೂತೆ. ಆ ಕಳ್ಳ ಬಂದರೆ ಹಿಡಿಯಬೇಕು ಅಂತ ಭಾವ ಭಟ್ಟಿಯ ಇಬ್ಬರು ಆಳುಗಳ ಜೊತೆ ಜಗಲಿಯ ಮೇಲೆ ಕೂತರು. ಹಿತ್ತಲ ಬಾಗಿಲಿಗೆ ನಾನೇ ಅಗಳಿ ಹಾಕಿದೆ.

ಮಧ್ಯಾಹ್ನ ಅಮ್ಮ ಫೋಟೊ ಮುಂದೆ ಎಲೆ ಹಾಕಿ ಬಡಿಸಿದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಮ್ಮ ಬೀಸಣಿಗೆ ಬೀಸುತ್ತಾ ಮಾತಾಡುತ್ತಿದ್ದಳು. ಗೋಡೆ, ಗೋಡೆಯ ಮೇಲೆ ಫೋಟೊ, ಕೆಳಗೆ ಎಲೆ, ಇನ್ನೇನೂ ಇಲ್ಲ. ಒಲೆಯ ಮೇಲೆ ಸಾರು ಉಕ್ಕಿತು. ಇಳಿಸಿ ಬಂದೆ, ಅಷ್ಟೇ ಹೊತ್ತು. ಬಂದಾಗ ಎಲೆ ಮಡಚಿತ್ತು. ಹೊರಮುಖವಾಗಿ ಮಡಚಿತ್ತು, ಸಾವಿನ ಮನೆಯಲ್ಲಿ ಮಡಚುವ ಹಾಗೆ. ಅಮ್ಮನ ಕೈ ನೋಡಿದೆ, ಒಣಗಿತ್ತು. ಬಿಚ್ಚಿದರೆ ಒಳಗೆ ಹಾಗಲಕಾಯಿ ಮಾತ್ರ.

ಜಗಲಿಯವರು ಯಾರನ್ನೂ ನೋಡಿಲ್ಲ.

ಅಮ್ಮ ಸಂಜೆ ಹೇಳಿದಳು: "ಎಡಗೈ ಮೊಣಕೈ ಹತ್ರ ಸುಟ್ಟುಕೊಂಡಿದಾನೆ ಕಣೇ. ಮಲಗಿಸಿದಾಗ ದೀಪದ ಕಂಬ ತಾಗಿತಂತೆ. ಸತ್ತೋನು ಹೇಗೆ ಕೈ ಎಳ್ಕೊಳ್ಳಲಿ ಅಂತ ಸುಮ್ಮನಿದ್ದನಂತೆ." ಮಗು ಬಿದ್ದು ಪೆಟ್ಟು ಮಾಡಿಕೊಂಡದ್ದನ್ನು ಹೇಳುವ ಹಾಗೆ ಹೇಳಿದಳು.

ನಿನ್ನ ಕೈ ಸುಟ್ಟಿದೆಯಾ? ಇಲ್ಲ ಅಂತ ಬರೆ. ನನಗೆ ಭಯವಾಗುತ್ತಿದೆ.

ಅಕ್ಕ

ಚೆನ್ನೈ
19-9-2003

ಅಕ್ಕಾ,

ಸುಟ್ಟಿದೆ. ಎಡಗೈ. ಯಾರಿಗೂ ಹೇಳಿರಲಿಲ್ಲ. ದೃಶ್ಯ ಕೆಡಬಾರದೆಂದು ಕೈ ಎಳೆದುಕೊಳ್ಳಲಿಲ್ಲ.

ನಿನ್ನ ಕಾಗದ ಓದಿದ ಮೇಲೆ ಏಕಾಂಬರಂನನ್ನು ಹುಡುಕಿಕೊಂಡು ಹೋಗಿ, ಕೈ ಮುಗಿದು ಕರೆತಂದೆ. ಅದೇ ವಳಸರವಾಕ್ಕಂ ಮನೆ ಅರ್ಧ ದಿನಕ್ಕೆ ತೆಗೆದುಕೊಂಡೆ. ಹಾಡಹಗಲು, ಬೆಳಿಗ್ಗೆ ಹತ್ತು ಗಂಟೆ. ಅದೇ ಚಟ್ಟ, ಅದೇ ಹಾರ, ಮೂಗಿಗೆ ಹತ್ತಿ. ಮಲಗಿದೆ. ಎದ್ದೆ. ಕ್ಯಾಮೆರಾ ನೋಡಿ ನಕ್ಕೆ. ಇಪ್ಪತ್ತು ಎಣಿಸುವ ತನಕ ನಕ್ಕೆ. ಬೂದುಗುಂಬಳಕಾಯಿ ನಾನೇ ಒಡೆದೆ. ಏಕಾಂಬರಂ ಕಣ್ಣಲ್ಲಿ ನೀರು ಬಂತು. ನನಗೂ ಮೈ ಹಗುರವಾಯಿತು.

ಟೇಪು ಎಡಿಟಿಂಗ್‌ಗೆ ಕೊಟ್ಟೆ. ಸಂಕಲನಕಾರ ತೌಫೀಕ್ ಎರಡು ಸಲ ಹಿಂದೆ ಮುಂದೆ ಓಡಿಸಿ ನೋಡಿ ನನ್ನನ್ನು ಕರೆದ. "ಸಾರ್, ಇದರಲ್ಲಿ ನೀವು ಏಳೋದೇ ಇಲ್ವಲ್ಲ?" ನಾಲ್ಕು ನಿಮಿಷ ನಾನು ಮಲಗಿದ್ದೇನೆ. ನಾನು ಎದ್ದ ಜಾಗದಲ್ಲಿ ಚಿತ್ರ ಒಂದು ಕ್ಷಣ ಮಂಜಾಗುತ್ತದೆ, ಮತ್ತೆ ಮಲಗಿದ್ದೇನೆ. ಟೇಪು ಹಳೆಯದಿರಬೇಕು ಎಂದ ತೌಫೀಕ್. ಏಕಾಂಬರಂ ಮಾತ್ರ ಪರದೆಯ ಕಡೆಗೇ ನೋಡುತ್ತಾ, "ತಡವಾಯ್ತು ಸಾರ್. ನೀವು ಬಿಟ್ಟು ಬಂದ ನಗೂನ ಬೇರೆ ಯಾರೋ ಎತ್ಕೊಂಡಿದಾರೆ" ಎಂದ. ಅವನನ್ನು ಬೈದು ಕಳಿಸಿದೆ.

ಬರುತ್ತೇನೆ ಅಕ್ಕಾ. ಇಪ್ಪತ್ತೈದನೇ ತಾರೀಖು ಮಹಾಲಯ ಅಮಾವಾಸ್ಯೆ, ಅವತ್ತೇ ಬೆಳಿಗ್ಗೆ ಬರುತ್ತೇನೆ. ಶೂಟಿಂಗ್ ನಿಂತರೆ ನಿಲ್ಲಲಿ. ಅಮ್ಮನ ಎದುರು ನಾನು ನಿಂತರೆ ಬೇರೆ ಯಾರಿಗೂ ಜಾಗವಿರುವುದಿಲ್ಲ.

ಸುಯಂಬು

ಚೆನ್ನೈ
30-9-2003

ಅಕ್ಕಾ,

ನಿನಗೂ ಹೇಳದೆ ಓಡಿ ಬಂದೆ. ಏಕೆ ಎಂದು ಬರೆಯುತ್ತೇನೆ.

ನಾನು ಬಂದಾಗ ನೀನು ಬಾವಿಯ ಹತ್ತಿರವಿದ್ದೆ. ಅಮ್ಮ ಬಾಗಿಲಿಗೆ ಬಂದಳು. ಎಷ್ಟು ಚೆನ್ನಾಗಿದ್ದಳು ಅಕ್ಕಾ! ಮೈ ತುಂಬಿಕೊಂಡಿತ್ತು. ನನ್ನನ್ನು ಕಾಲಿಂದ ತಲೆ ತನಕ ನೋಡಿದಳು.

"ಯಾರಪ್ಪಾ ನೀನು?"

"ಅಮ್ಮಾ, ನಾನು ಸುಯಂಬು."

"ಓ, ಟಿ.ವಿ.ಯೋರಾ? ಅವನ ಹಾಗೇ ಇದೀಯ. ಬಾ, ಕೂತ್ಕೋ. ಬಿಸಿಲಲ್ಲಿ ಬಂದಿದೀಯ."

ಜಗಲಿಯ ಮೇಲೆ ಕೂರಿಸಿದಳು. ಅವಳ ಕೈ ಹಿಡಿದು ನನ್ನ ಕೆನ್ನೆಗೆ ಒತ್ತಿಕೊಂಡೆ. ಪರರ ಮಗುವಿಗೆ ತಟ್ಟುವ ಹಾಗೆ ಎರಡು ಸಲ ತಟ್ಟಿ ಕೈ ಎಳೆದುಕೊಂಡಳು. ಮಜ್ಜಿಗೆ ತಂದುಕೊಟ್ಟಳು. ಒಳಗೆ ಮಾತ್ರ ಕರೆಯಲಿಲ್ಲ. ನೀನು ಬಂದು, "ಅಮ್ಮಾ, ಇವನೇ ಸುಯಂಬು, ನೋಡು" ಎಂದು ಅತ್ತೆಯಲ್ಲ, ಆಗ ಅವಳು ನನ್ನನ್ನು ಕರುಣೆಯಿಂದ ನೋಡಿದಳು. ಐದು ವರ್ಷ ಪರದೆಯ ಮೇಲಷ್ಟೇ ನೋಡಿದವನನ್ನು ಬೇರೆ ಹೇಗೆ ನೋಡಬೇಕಿತ್ತು ಅವಳು?

ಮಧ್ಯಾಹ್ನ ಒಳಗೆ ಎಲೆ ಹಾಕಿದಳು. ನೀನು ಭಾವನನ್ನು ಕರೆಯಲು ಭಟ್ಟಿಗೆ ಹೋದೆ. ನಾನು ಎದ್ದು ಒಳಗೆ ಹೋಗೋಣ, ಆ ಎಲೆಯ ಮುಂದೆ ನಾನೇ ಕೂರೋಣ ಎಂದು ಹೊಸಿಲ ತನಕ ಹೋದೆ. ಆಗ ಒಳಗಿನಿಂದ ಅಮ್ಮನ ಜೊತೆ ಇನ್ನೊಬ್ಬರು ನಕ್ಕರು.

ಹನ್ನೊಂದು ವರ್ಷ ನನ್ನ ದನಿಯನ್ನು ನಾನೇ ಕೇಳಿ ಕೇಳಿ ತಿದ್ದಿದವನು ನಾನು. ಅದು ಯಾರ ನಗು ಎಂದು ನನಗೆ ತಿಳಿಯದೇ? ಹೊಸಿಲು ದಾಟಲು ಧೈರ್ಯ ಬರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದೆ.

ದೀಪಾವಳಿಗೆ ಮತ್ತೆ ಬರುತ್ತೇನೆ. ತಿಳಿದವರನ್ನು ಕರೆಸಿ ಆ ಫೋಟೊ ಗೋಡೆಯಿಂದ ಇಳಿಸೋಣ, ಮನೆ ಶುದ್ಧಿ ಮಾಡಿಸೋಣ. ನಾನು ಅವಳ ಮಗ. ಅವಳ ಬಾಯಿಂದ ಒಂದು ಸಲ ನನ್ನ ಹೆಸರು ಕರೆಸಿಕೊಳ್ಳದೆ ಬಿಡುವುದಿಲ್ಲ.

ಸುಯಂಬು

ಉಡನ್‌ಗುಡಿ
8-10-2003

ತಮ್ಮಾ,

ಈ ಕಾಗದ ಬರೆಯುವ ಮೊದಲು ನಾಲ್ಕು ಹಾಳೆ ಹರಿದಿದ್ದೇನೆ.

ನೀನು ಓಡಿಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ಆ ಚೆನ್ನೈಯೋನಿಗೆ ಇನ್ನು ಬರಬೇಡ ಅನ್ನು. ಪಾಪ ಒಳ್ಳೇ ಹುಡುಗ, ಆದ್ರೆ ಅವನು ಬಾಗಿಲಿಗೆ ಬಂದ್ರೆ ನಮ್ಮೋನು ಹೆದರ್ತಾನೆ." ಯಾರು ಯಾರಿಗೆ ಹೆದರುವುದು ಎಂದು ಕೇಳಬೇಕೆನಿಸಿತು. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಬರೆಯಬಾರದು ಅಂದುಕೊಂಡಿದ್ದೆ, ಆದರೆ ನಿನ್ನ ಹತ್ತಿರ ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೇವೆ. "ಇದ್ದಾಗ ಐದು ವರ್ಷ ಬರಲಿಲ್ಲ. ಹೋದ ಮೇಲೆ ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ಈಗ ನನಗೆ ಯಾರು ಮಗ?"

ಅವಳು ಸರಿಯಾಗಿ ಊಟ ಮಾಡುತ್ತಿದ್ದಾಳೆ. ಅವಳ ಸಕ್ಕರೆ ಇಳಿದಿದೆ. ವೈದ್ಯರೇ ಆಶ್ಚರ್ಯಪಟ್ಟರು. ಫೋಟೊ ಕಿತ್ತರೆ ಅವಳು ಒಂದು ವಾರ ಉಳಿಯುವುದಿಲ್ಲ. ನನಗೆ ಆ ಗೋಡೆಯ ಕಡೆ ಬೆನ್ನು ಮಾಡಿ ಮಲಗಲು ಭಯ. ಆದರೂ ಅಮಾವಾಸ್ಯೆ ಬಂದರೆ ಹಾಗಲಕಾಯಿ ಇಲ್ಲದ ಪಲ್ಯ ಮಾಡುತ್ತಿದ್ದೇನೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ದೀಪಾವಳಿಗೆ ಬರಬೇಡ, ಸುಯಂಬು. ಅಮ್ಮ ಇರುವ ತನಕ ಬರಬೇಡ. ನಿನ್ನನ್ನು ಎತ್ತಿ ಆಡಿಸಿದ ಅಕ್ಕ ಹೇಳುತ್ತಿದ್ದೇನೆ.

ಚೆಲ್ಲಕ್ಕನಿ

ತೂತ್ತುಕುಡಿ ರೈಲು ನಿಲ್ದಾಣ
21-1-2004
(ಅಂಚೆಗೆ ಹಾಕದ್ದು)

ಅಕ್ಕಾ,

ಅಮ್ಮ ಹೋದಳು ಎಂದು ನಿನ್ನೆ ನೀನು ಆಫೀಸಿಗೆ ಫೋನ್ ಮಾಡಿ ಹೇಳಿದ್ದನ್ನು ಮ್ಯಾನೇಜರ್ ಮಧ್ಯಾಹ್ನ ತಿಳಿಸಿದ. ಇವತ್ತು ಮಧ್ಯಾಹ್ನದ ತನಕ ಕಾಯುತ್ತೇವೆ ಅಂದಿದ್ದೆಯಂತೆ. ಸಂಜೆಯ ರೈಲು ಹತ್ತಿದೆ. ಬೆಳಿಗ್ಗೆ ಹತ್ತೂವರೆಗೆ ಉಡನ್‌ಗುಡಿಯಲ್ಲಿ ಇಳಿದರೆ ನಮ್ಮ ಬೀದಿಯುದ್ದಕ್ಕೂ ಹೂವು ಚೆಲ್ಲಿತ್ತು. ನನಗಾಗಿ ಕಾಯಲಿಲ್ಲ ಎಂದು ಸಿಟ್ಟು ಬಂತು. ಮನೆಗೆ ಬಾರದೆ ಹೂವಿನ ಹಿಂದೆಯೇ ಸುಡುಗಾಡಿಗೆ ನಡೆದೆ.

ಎಲ್ಲರೂ ಹೋಗಿಯಾಗಿತ್ತು. ಬೆಂಕಿ ಮಾತ್ರ ಉರಿಯುತ್ತಿತ್ತು. ಕಾಯುವವನು ಕೋಲು ಊರಿಕೊಂಡು ನಿಂತಿದ್ದ.

"ಯಾರು ಹಚ್ಚಿದ್ದು?" ಎಂದೆ.

"ಮಗ. ಇನ್ಯಾರು ಹಚ್ತಾರೆ?"

"ಎಲ್ಲಿ ಅವನು?"

ಅವನು ಗಲ್ಲದಿಂದಲೇ ತಾಳೆತೋಪಿನ ಕಡೆ ತೋರಿಸಿದ. ಕೆಂಪು ಮರಳಿನಲ್ಲಿ ಒದ್ದೆ ಕಾಲಿನ ಹೆಜ್ಜೆಗಳು ಸಾಲಾಗಿ ಹೋಗಿದ್ದವು. ಚಪ್ಪಲಿ ಬಿಟ್ಟು ಒಂದರ ಮೇಲೆ ಕಾಲಿಟ್ಟೆ. ಅಳತೆ ಸರಿಯಾಗಿತ್ತು. ಇನ್ನೊಂದರ ಮೇಲೂ ಇಟ್ಟು ನೋಡಿದೆ. ತೋಪಿನ ಒಳಕ್ಕೆ ಹೋಗಲಿಲ್ಲ.

"ನೀನು ಯಾರಪ್ಪಾ ಅವರಿಗೆ?" ಎಂದು ಅವನು ಕೇಳಿದ.

"ಯಾರೂ ಅಲ್ಲ. ಟಿ.ವಿ.ಯಲ್ಲಿ ಬರ್ತೀನಿ" ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬಂದ ಮೇಲೆ ಅಲ್ಲಿ ನಿಲ್ಲಲು ನನಗೆ ಹಕ್ಕಿಲ್ಲ ಅನ್ನಿಸಿತು. ಅಮ್ಮನ ಬೆಂಕಿಗೆ ದೂರದಿಂದಲೇ ಕೈ ಮುಗಿದು ಬಂದೆ.

ಉಡನ್‌ಗುಡಿ
24-1-2004

ತಮ್ಮಾ,

ಅಮ್ಮ ಇಲ್ಲದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀನು ಬೆಳಕು ಹರಿಯುವ ಮುನ್ನವೇ ಬಂದೆ. ಯಾವ ಬಸ್ಸಿಗೆ ಬಂದೆಯೋ ಯಾರೂ ನೋಡಲಿಲ್ಲ. ಅಳುವ ಹೆಂಗಸರ ನಡುವೆ ತಲೆ ಎತ್ತಿದರೆ ಅಮ್ಮನ ಕಾಲ ಹತ್ತಿರ ನೀನು ನಿಂತಿದ್ದೆ. ಪಿಚ್ಚಮ್ಮಾಳ್ ಅತ್ತೆಯೇ "ಮಗ ಬಂದ, ಇನ್ನು ತಡ ಯಾಕೆ" ಅಂದದ್ದು. ಬಾವಿಯ ನೀರು ಸುರಿದುಕೊಂಡೆ. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದೆ. ಒಂದು ಹನಿ ಅಳಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಲೆ ಬೋಳಿಸಿಕೊಂಡು, ಕೊಳ್ಳಿ ಇಟ್ಟು, ಅಲ್ಲಿಂದಲೇ ಹೋದೆ ಅಂತ ಭಾವ ಹೇಳಿದರು. ಬರಬೇಡ ಎಂದು ಬರೆದ ಅಕ್ಕನ ಮೇಲೆ ಅಷ್ಟು ಕೋಪವಾ? ಇರಲಿ. ಊರೆಲ್ಲ ನಿನ್ನನ್ನು ಹೊಗಳುತ್ತಿದೆ. ಎಷ್ಟು ದೊಡ್ಡ ನಟನಾದರೂ ತಾಯಿಯ ಸಾಲ ತೀರಿಸಿದ ಅನ್ನುತ್ತಿದ್ದಾರೆ.

ನೀನು ಉಟ್ಟಿದ್ದದ್ದು ಅಮ್ಮ ಫೋಟೊ ಮುಂದೆ ಇಟ್ಟಿದ್ದ ಪಂಚೆ. ಅದನ್ನು ಎತ್ತಿಟ್ಟಿದ್ದ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಊರಲ್ಲಿ ಯಾರೂ ಏನೂ ಕೇಳುತ್ತಿಲ್ಲ. ನಾನೊಬ್ಬಳು ಮಾತ್ರ ಕೇಳುತ್ತಿದ್ದೇನೆ. ಅಮ್ಮನನ್ನು ನಾನು ಯಾರ ಕೈಗೆ ಒಪ್ಪಿಸಿದೆ ಅಂತ ತಿಳಿಯದೆ ಅನ್ನ ಇಳಿಯುತ್ತಿಲ್ಲ. ನೀನೇ ತಾನೆ, ಸುಯಂಬು? ಹೌದು ಅಂತ ಒಂದು ಸಾಲು ಬರೆದು ಹಾಕು. ಒಂದೇ ಸಾಲು.

ಅಕ್ಕ

ಚೆನ್ನೈ
29-1-2004

ಅಕ್ಕಾ,

ಹೌದು. ನಾನೇ.

ಬೆಳಗಿನ ಜಾವ ತಿರುಚೆಂದೂರಿನಿಂದ ಲಾರಿಯಲ್ಲಿ ಬಂದೆ. ನಿನ್ನ ಮುಖ ನೋಡಿದರೆ ಧೈರ್ಯ ಕೆಡುತ್ತದೆ ಎಂದು ನೋಡಲಿಲ್ಲ. ಪಂಚೆಯನ್ನು ಅಮ್ಮನೇ ಯಾವಾಗಲೋ ಹೊರಗೆ ತೆಗೆದಿಟ್ಟಿರಬೇಕು, ಅವಳ ತಲೆದಿಂಬಿನ ಹತ್ತಿರವಿತ್ತು. ಅಮ್ಮನನ್ನು ಅವಳ ಮಗನ ಕೈಗೇ ಒಪ್ಪಿಸಿದ್ದೀಯ. ಊಟ ಮಾಡು.

ನನ್ನ ತಲೆ ಬೋಳಾಗಿರುವುದನ್ನು ನೋಡಿ ಚಾನೆಲ್‌ನವರು ಮೊನ್ನೆಯಿಂದ ಗಲಾಟೆ ಮಾಡುತ್ತಿದ್ದಾರೆ. ಹೊಸ ಧಾರಾವಾಹಿಯ ಪ್ರಚಾರದಲ್ಲಿ ನಾನು ಕಾಣಿಸಿಕೊಳ್ಳಬೇಕಂತೆ, ವಿಗ್ ಹಾಕೋಣ ಎಂದರು. ಹಾಕುವುದಿಲ್ಲ ಎಂದೆ. ನಿರ್ದೇಶನವನ್ನು ಬೇರೆಯವರಿಗೆ ಕೊಡುತ್ತಾರಂತೆ, ಕೊಡಲಿ.

ಹದಿನಾರನೇ ದಿನಕ್ಕೆ ಬರುತ್ತೇನೆ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವ ಹಾಗೆ, ಮುಂಬಾಗಿಲಿನಿಂದ ಬರುತ್ತೇನೆ. ನನ್ನ ಮುಂಚೆ ಯಾರಾದರೂ ಬಂದು ಕೂತಿದ್ದರೆ ಅವನಿಗೂ ಬಡಿಸು, ನನ್ನದೇನೂ ತಕರಾರಿಲ್ಲ. ನೀನು ಮಾತ್ರ ಹೊಸಿಲ ಹತ್ತಿರ ನಿಂತಿರು ಅಕ್ಕಾ. ನಾನು ಮೆಟ್ಟಿಲು ಹತ್ತುವಾಗ, ಯಾರು ಎಂದು ಕೇಳಬೇಡ.

ನಿನ್ನ ತಮ್ಮ,
ಸುಯಂಬು